ಹನ್ನೊಂದನೆಯ ಬೆಣೆ

೧

ಒತ್ತಿದೆನೋ, ಇಲ್ಲವೋ? ಒತ್ತಿದೆ. ಹತ್ತರ ತನಕ ಎಣಿಸಿದ್ದು ನೆನಪಿದೆ. ಹದಿನಾಲ್ಕು ಎಂದದ್ದೂ ನೆನಪಿದೆ. ನಡುವೆ ಕಾಲು ಏನು ಹೇಳಿತು? ತಿರುಗಿ ಹೋಗಿ ನೋಡಲೇ? ಹೋಗಲು ಅರ್ಧ ಮೈಲಿ, ಬರಲು ಅರ್ಧ ಮೈಲಿ. ಗೂಡ್ಸ್ ಬರುವ ಹೊತ್ತಾಯಿತು. ಇಷ್ಟು ವರ್ಷ ಕಾಲು ಸುಳ್ಳು ಹೇಳಿಲ್ಲ, ಇವತ್ತೇ ಯಾಕೆ ಹೇಳುತ್ತದೆ? ಒತ್ತಿದ್ದೇನೆ. ಒತ್ತಿರಬೇಕು.

(ಹೀಗೆ ಶುರು ಮಾಡಬಹುದೇ? ಯಾರು, ಎಲ್ಲಿ, ಏನನ್ನು ಒತ್ತಿದರು ಎಂದು ಹೇಳದೆ ಒಬ್ಬನ ತಲೆಯೊಳಗೆ ನಿಮ್ಮನ್ನು ತಳ್ಳಿಬಿಡುವುದು ಸಭ್ಯತೆಯಲ್ಲ. ಆದರೆ ಇದು ನಾಲ್ಕನೆಯ ಕರಡು. ಮೊದಲನೆಯದು ‘ಬಿಳಿ ಬಂಗಾರದ ದಾರಿ’ ಎಂದು ಶುರುವಾಗಿತ್ತು. ನಾಚಿಕೆಯಾಗಿ ಹರಿದೆ.)

೨

ಸಭ್ಯವಾಗಿ ಶುರು ಮಾಡುತ್ತೇನೆ. ಇದು ೧೯೭೬. ನಾನು ಬಿ.ಎ. ಮುಗಿಸಿ ಮೂರು ವರ್ಷವಾಯಿತು. ಅಣ್ಣಿಗೇರಿಯ ಹತ್ತಿ ಬೆಳೆಗಾರರ ಸೊಸೈಟಿಯ ಅಧ್ಯಕ್ಷರಾದ ಶಂಕ್ರಪ್ಪನವರು ನನ್ನನ್ನು ಕರೆಸಿ ಒಂದು ಪುಸ್ತಕ ಬರೆಯಲು ಹೇಳಿದ್ದಾರೆ. ಇಪ್ಪತ್ತನಾಲ್ಕು ಪುಟ. ವಿಷಯ: ಅಣ್ಣಿಗೇರಿ–ಮೊರಬ ಗೂಡ್ಸ್ ಮಾರ್ಗದ ಇತಿಹಾಸ. ಮಾರ್ಗ ಬಂದಾಗಲಿದೆ. ಹಳಿ ಕೀಳುವ ಮೊದಲು ಪುಸ್ತಕ ಬರಬೇಕು.

“ಇತಿಹಾಸ ಅಂದ್ರ ಛಂದ ಇರಬೇಕ್ರಿ,” ಎಂದರು. “ಓದಿದವರಿಗೆ ಅಳು ಬರಬಾರದು, ಸಿಟ್ಟೂ ಬರಬಾರದು.”

“ಮತ್ತೇನು ಬರಬೇಕ್ರಿ?”

“ನಿದ್ದಿ ಬಂದರೂ ನಡೀತದ.”

ಓದುಗರೇ, ಈ ಮಾರ್ಗವನ್ನು ನಕಾಶೆಯಲ್ಲಿ ಹುಡುಕಬೇಡಿ. ಸಿಗುವುದಿಲ್ಲ. ಹಾಸಿದವನು ನಾನು. ಅದರ ಮೇಲೆ ನಡೆಯುವವರನ್ನೂ ನಾನೇ ಮಾಡಿಕೊಂಡೆ. ಆದರೂ ಅವರು ನನ್ನ ಮಾತು ಕೇಳುತ್ತಿಲ್ಲ.

೩

ಮಾರ್ಗ ಹೀಗೆ ಹೋಗುತ್ತದೆ: ಅಣ್ಣಿಗೇರಿಯಲ್ಲಿ ದೊಡ್ಡ ಲೈನಿನಿಂದ ಕವಲೊಡೆದು, ಬೆಣ್ಣಿಹಳ್ಳ ದಾಟಿ, ನವಲಗುಂದದ ಗುಡ್ಡದ ಬುಡದಲ್ಲಿ ಬಾಗಿ, ಯಮನೂರಿನ ಬಾಜು ಹಾದು ಮೊರಬದ ಹತ್ತಿ ಗೋದಾಮಿನ ಮುಂದೆ ನಿಲ್ಲುತ್ತದೆ. ೧೯೦೮ರಲ್ಲಿ ಹಾಸಿದ್ದು. ಮನುಷ್ಯರಿಗಾಗಿ ಅಲ್ಲ. ಹತ್ತಿ, ಕುಸುಬಿ, ಗೋದಿ, ಒಣ ಮೆಣಸಿನಕಾಯಿ. ಮನುಷ್ಯರು ಹತ್ತಬಾರದು ಎಂದು ಬೋರ್ಡು ಇತ್ತು, ಹಾಗಾಗಿ ಎಲ್ಲರೂ ಹತ್ತುತ್ತಿದ್ದರು. ಮೆಣಸಿನಕಾಯಿಯ ವ್ಯಾಗನ್ನಿನಲ್ಲಿ ಬಂದವರು ಮದುವೆಮನೆಗೆ ಸೀನುತ್ತಲೇ ಕಾಲಿಡುತ್ತಿದ್ದರು.

ನೆಲ ಮಾತ್ರ ಈ ಮಾರ್ಗವನ್ನು ಎಂದೂ ಒಪ್ಪಿಕೊಳ್ಳಲಿಲ್ಲ. ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಹಿಟ್ಟಿನ ಹಾಗೆ ಉಬ್ಬುತ್ತದೆ. ಹಳಿಯ ಕೆಳಗೆ ಪ್ರತಿ ವರ್ಷ ಖಡಿ, ಅಂದರೆ ಜಲ್ಲಿಕಲ್ಲು, ಸುರಿದರು, ಪ್ರತಿ ವರ್ಷ ನೆಲ ನುಂಗಿತು. ಅರವತ್ತೆಂಟು ವರ್ಷದಲ್ಲಿ ಒಂದು ಸಣ್ಣ ಗುಡ್ಡವೇ ಅಲ್ಲಿ ಒಳಗೆ ಹೋಗಿದೆ.

(ಶಂಕ್ರಪ್ಪನವರಿಗೆ ಈ ಭಾಗ ಇಷ್ಟವಾಯಿತು. ‘ನುಂಗಿತು’ ಎಂಬುದನ್ನು ಹೊಡೆದು ‘ಸ್ವೀಕರಿಸಿತು’ ಎಂದು ತಿದ್ದಿದರು.)

೪

ಈಗ ಆ ತಲೆಯ ಒಡೆಯನಿಗೆ ಬರೋಣ. ಬಸವಣ್ಣೆಪ್ಪ, ಕೀಮನ್. ಹಳಿಯನ್ನು ಅದರ ಕೆಳಗಿನ ಅಡ್ಡ ತೊಲೆಗೆ, ಸ್ಲೀಪರಿಗೆ, ಬಿಗಿಯಾಗಿ ಹಿಡಿದಿಡುವುದು ಕಬ್ಬಿಣದ ಬೆಣೆ. ದಿನಾ ಬೆಳಿಗ್ಗೆ ಸುತ್ತಿಗೆ ಹಿಡಿದು ನಾಲ್ಕು ಮೈಲಿ ನಡೆದು, ಒಂದೊಂದೇ ಬೆಣೆಗೆ ಬಡಿದು, ಸದ್ದು ಕೇಳಿ, ಸಡಿಲಾದದ್ದನ್ನು ಬಿಗಿ ಮಾಡುವುದು ಅವನ ಕೆಲಸ.

ಅವನ ನಾಲ್ಕು ಮೈಲಿಯಲ್ಲಿ ಹಳಿಗೆ ಹತ್ತಿಕೊಂಡೇ ಒಂದು ಸಣ್ಣ ದರ್ಗಾ ಇದೆ. ಗುರುವಾರ ಬೆಳಿಗ್ಗೆ ಅಲ್ಲಿ ಊದು ಹಾಕಿ ಓದಿಕೆ ನಡೆಯುವಾಗ ಕಬ್ಬಿಣದ ಮೇಲೆ ಕಬ್ಬಿಣ ಬಡಿಯಬಾರದು ಎಂದು ಹಳಿ ಕೆಲಸದ ಗ್ಯಾಂಗಿನವರೇ ಮಾಡಿಕೊಂಡ ಪದ್ಧತಿ. ಯಾವ ಕಾಲದ್ದೋ ತಿಳಿಯದು. ಯಾವ ಪುಸ್ತಕದಲ್ಲೂ ಇಲ್ಲ, ರೈಲ್ವೆ ಸಾಹೇಬರಿಗೂ ಗೊತ್ತಿಲ್ಲ. ಗುರುವಾರ ಕೀಮನ್ ಆ ತುಂಡಿನಲ್ಲಿ ಚಪ್ಪಲಿ ಕಳಚಿ, ಸುತ್ತಿಗೆ ಹೆಗಲಿಗೇರಿಸಿ, ಬರಿಗಾಲಿನ ಹಿಮ್ಮಡದಿಂದ ಒಂದೊಂದು ಬೆಣೆಯನ್ನು ಒತ್ತಿ ನೋಡುತ್ತಾನೆ. ಗಟ್ಟಿಯಿದ್ದರೆ ಅದು ಕಲ್ಲು. ಸಡಿಲಿದ್ದರೆ ಹಾಲುಹಲ್ಲಿನ ಹಾಗೆ ಅಲುಗುತ್ತದೆ. ಆಗ ಓದಿಕೆ ಮುಗಿಯುವ ತನಕ ಕುಳಿತು, ಬಡಿದು, ಮುಂದೆ ಹೋಗುತ್ತಾನೆ.

ಕಾಲು ಎಂದೂ ತಪ್ಪಿರಲಿಲ್ಲ.

೫

೧೯೭೩ರ ಸೆಪ್ಟೆಂಬರಿನ ಒಂದು ಗುರುವಾರ, ಹದಿನೈದು ದಿನದ ಮಳೆಯ ನಂತರ, ಮೊರಬದಿಂದ ಹತ್ತಿ ಅಂಡಿಗೆ ಹೇರಿಕೊಂಡು ಬಂದ ಗೂಡ್ಸ್ ದರ್ಗಾದ ಮುಂದೆ ಹಳಿ ತಪ್ಪಿತು. ಎರಡು ವ್ಯಾಗನ್ ಮಗ್ಗುಲಾದವು. ಯಾರೂ ಸಾಯಲಿಲ್ಲ. ಕೆಸರಿನಲ್ಲಿ ಮೂರು ಬೆಣೆಗಳು ಸಿಕ್ಕವು. ದರ್ಗಾದ ತುಂಡಿನ ಮೊದಲಿನಿಂದ ಎಣಿಸಿದರೆ ಹನ್ನೊಂದು, ಹನ್ನೆರಡು, ಹದಿಮೂರು.

ವಿಚಾರಣೆ ನಡೆಯಿತು. ಬಸವಣ್ಣೆಪ್ಪ ಹೇಳಿದ್ದು ಒಂದೇ ಮಾತು: “ಮುಂಜಾನೆ ಗಟ್ಟಿ ಇದ್ದೂವ್ರಿ.” ಮುಂಜಾನೆ ಗಟ್ಟಿಯಿದ್ದ ಬೆಣೆ ಮಧ್ಯಾಹ್ನದೊಳಗೆ ಹಾರಿದರೆ ಅದಕ್ಕೆ ಕಾರಣ ಒಂದೇ ಎಂದರು: ವೇಗ. ಅಲ್ಲಿ ಗಂಟೆಗೆ ಹತ್ತು ಮೈಲಿಗಿಂತ ಜೋರಾಗಿ ಹೋಗಬಾರದೆಂಬ ಬೋರ್ಡು ಇತ್ತು. ಡ್ರೈವರ್ ಮಶಾಕಸಾಬ ‘ಎಂಟು’ ಎಂದ. ಯಾರೂ ನಂಬಲಿಲ್ಲ. ಹದಿನೆಂಟು ವರ್ಷ ಇಂಜಿನ್ ಓಡಿಸಿದವನ ನೌಕರಿ ಹೋಯಿತು. ಈಗ ಅಣ್ಣಿಗೇರಿ ಸ್ಟೇಷನ್ನಿನ ಎದುರು ಸೈಕಲ್ ಪಂಕ್ಚರ್ ಹಾಕುತ್ತಾನೆ. ಊರು ಅವನನ್ನು ‘ಮೇಲ್ ಮಶಾಕ’ ಎಂದು ಕರೆಯುತ್ತದೆ, ಮೇಲ್ ಗಾಡಿಯ ಹಾಗೆ ಓಡಿಸಿದವನು ಎಂದು.

ಅವನು ನನ್ನನ್ನು ಕೇಳಿದ್ದು ಇಷ್ಟೇ: “ಸರ್, ಅದ್ರಾಗ ಎಂಟು ಅಂತ ಬರೀರಿ. ನೌಕರಿ ತಿರುಗಿ ಬರಾಂಗಿಲ್ಲ, ಗೊತ್ತದ. ನನ್ನ ಮೊಮ್ಮಗಳು ಸಾಲಿಗೆ ಹೊಂಟಾಳ. ಮೇಲ್ ಮಶಾಕನ ಮೊಮ್ಮಗಳು ಅಂತಾರ ಆಕಿಗೆ.”

ಎರಡಕ್ಷರದ ಒಂದು ಅಂಕಿ. ಅದನ್ನು ಬರೆಯಲಾರದೆ ಇನ್ನೆರಡು ಕರಡು ಹರಿದಿದ್ದೇನೆ.

೬

ಇಲ್ಲಿ ಬಸವಣ್ಣೆಪ್ಪ ನನ್ನ ಕೈ ಹಿಡಿದ.

“ತಮ್ಮಾ, ಮೊದಲನೇ ತುಕಡಿ ಅಳಿಸು.”

“ಯಾಕ ಕಾಕಾ?”

“ನನ್ನ ತಲಿಯಾಗ ಕುಂತು ಬರದೀಯಲ್ಲ, ನಾ ನಿನ್ನ ಕರದಿದ್ನೇನು?”

“ನೀವು ಬಾಯಿ ಬಿಡಲಿಲ್ಲ. ಮತ್ತೆ ನಾನು ಎಲ್ಲಿ ಕೂತು ಬರೀಲಿ?”

“ಹೊರಗ ಕುಂದ್ರು. ಎಲ್ಲಾರೂ ಹೊರಗs ಕುಂತಾರ.”

ಅವನು ಹೇಳುವುದು ಸರಿ. ‘ಒತ್ತಿದೆನೋ, ಇಲ್ಲವೋ’ ಎಂದು ಅವನು ನನ್ನ ಮುಂದೆ ಒಮ್ಮೆಯೂ ಅಂದಿಲ್ಲ. ಹಾಗಾದರೆ ನನಗೆ ಹೇಗೆ ಗೊತ್ತು? ಗೊತ್ತಿಲ್ಲ. ನನಗೆ ತಿಳಿದದ್ದು ಒಂದು ಹಿಮ್ಮಡದ ಸಂಗತಿ ಮಾತ್ರ.

೭

ಅದನ್ನು ಹೇಳಿದವಳು ಅವನ ಹೆಂಡತಿ ರೇಣುಕವ್ವ. ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಅವನಿರಲಿಲ್ಲ. ಅಂಗಳದಲ್ಲಿ ಕುಸುಬಿ ಹಸನು ಮಾಡುತ್ತಿದ್ದಳು. ಆ ವರ್ಷದ ಮಳೆಯ ಬಗ್ಗೆ ಕೇಳಿದೆ.

“ಏನ್ ಮಳಿರೀ ಅದು. ಇವರ ಹಿಮ್ಮಡ ಸೀಳಿ ಬೆರಳು ಹೋಗೂವಂಗ ಆಗಿದ್ದೂವು. ನಾನs ಮೇಣಾ ಕಾಸಿ ತುಂಬಿ, ಮ್ಯಾಲೆ ಹಳೇ ಸೀರಿ ಹರದು ಅರಬಿ ಸುತ್ತಿದ್ದೆ. ಗಾಡಿ ಬಿತ್ತಲ್ಲ, ಅವತ್ತ ಮುಂಜಾನಿ.”

“ನೋವಾಗಲಿಲ್ಲೇನು ಅವರಿಗೆ?”

“ಎಲ್ಲೀದರೀ. ಕಟಗಿ ಆಗೇತಿ ಕಾಲು, ಏನೂ ತಿಳಿವಲ್ದು ಅಂತ ನಕ್ಕೋತ ಹ್ವಾದ್ರು.”

ಮೊರ ನಿಂತಿತು. ತಾನು ಏನು ಹೇಳಿದೆನೆಂದು ಅವಳಿಗೆ ಹೊಳೆಯಿತೋ, ಅಥವಾ ಮೂರು ವರ್ಷದ ಹಿಂದೆಯೇ ಹೊಳೆದಿತ್ತೋ. “ಚಾ ಕುಡೀತೀರೇನ್ರಿ?” ಎಂದು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಮೇಣ ತುಂಬಿದ ಹಿಮ್ಮಡಕ್ಕೆ ಸಡಿಲು ಬೆಣೆ ತಿಳಿಯುವುದಿಲ್ಲ. ಇದು ನನ್ನ ತರ್ಕ. ತರ್ಕ ಮಾತ್ರ. ಇದನ್ನು ಅಚ್ಚು ಹಾಕಿಸಿದರೆ, ವಿಚಾರಣೆಯವರು ಮಶಾಕಸಾಬನಿಗೆ ಮಾಡಿದ್ದನ್ನು ನಾನು ಬಸವಣ್ಣೆಪ್ಪನಿಗೆ ಮಾಡಿದಂತೆ. ಅಲ್ಲದೆ, ಗುರುವಾರ ಕಾಲಿನಿಂದ ಒತ್ತಿದೆ ಎಂದು ಅವನು ಬಾಯಿಬಿಟ್ಟಿದ್ದರೆ ಆ ಪದ್ಧತಿಯೂ, ಅದನ್ನು ನಡೆಸಿಕೊಂಡು ಬಂದ ಇಡೀ ಗ್ಯಾಂಗೂ ಸಾಹೇಬರ ಮುಂದೆ ನಿಲ್ಲಬೇಕಿತ್ತು. ಅಚ್ಚು ಹಾಕಿಸದಿದ್ದರೆ? ಶನಿವಾರ ಹಸ್ತಪ್ರತಿ ಪ್ರೆಸ್ಸಿಗೆ ಹೋಗಬೇಕು.

೮

ಗುರುವಾರ. ಸೈಕಲ್ ಅಂಗಡಿ. ಡ್ಯೂಟಿ ಮುಗಿಸಿ ಬಸವಣ್ಣೆಪ್ಪ ವಾರಕ್ಕೊಮ್ಮೆ ಇಲ್ಲಿ ಚಹಾ ಕುಡಿಯುತ್ತಾನೆ. ಗಾಡಿ ಬಿದ್ದ ಮೇಲೆ ಒಂದು ಗುರುವಾರವೂ ತಪ್ಪಿಸಿಲ್ಲ. ಎದುರಿನ ಸ್ಟೇಷನ್ ಗೋಡೆಯ ಮೇಲೆ ‘ಮಾತು ಕಡಿಮೆ, ದುಡಿಮೆ ಹೆಚ್ಚು’ ಎಂದು ಹೊಸದಾಗಿ ಬರೆಸಿದ್ದಾರೆ. (ಇದನ್ನು ನಾನು ಸಾಂಕೇತಿಕವಾಗಿ ಇಟ್ಟದ್ದಲ್ಲ. ತುರ್ತುಪರಿಸ್ಥಿತಿಯ ಆ ವರ್ಷ ಎಲ್ಲ ಗೋಡೆಯ ಮೇಲೂ ಇತ್ತು.)

ನಾನು ಕರಡು ಓದಿದೆ: “ಚಾಲಕನ ಅತಿವೇಗದಿಂದ ಎಂದು ವಿಚಾರಣೆ ತೀರ್ಮಾನಿಸಿತು.”

ಮಶಾಕಸಾಬ ನಕ್ಕ. “ಅತಿವೇಗ! ಲೇ ಬಸಣ್ಣ, ಅವತ್ತ ನನ್ನ ಗಾಡೀನ ಒಂದ್ ಎಮ್ಮಿ ಹಿಂದ್ ಹಾಕಿ ಹೋತಲ್ಲೋ, ಹೇಳಲೇ ಇವರಿಗೆ.”

“ಎಮ್ಮಿ ಜೋರ್ ಇತ್ತು,” ಎಂದ ಬಸವಣ್ಣೆಪ್ಪ. ಆಮೇಲೆ ನನ್ನ ಕಡೆ ನೋಡದೆ, “ತಮ್ಮಾ, ಎಂಟು ಅಂತ ಬರಿ. ಅಂವ ಸುಳ್ಳ ಹೇಳಾಂವ ಅಲ್ಲ.”

“ಹಾಗಾದರೆ ಬಿದ್ದದ್ದು ಯಾಕೆ ಕಾಕಾ?”

ಮಶಾಕಸಾಬ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಕೈ ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ. ಬಸವಣ್ಣೆಪ್ಪ ಕಪ್ಪಿನಿಂದ ಬಸಿಗೆ ಸುರಿದ ಚಹಾ ಊದುತ್ತಿದ್ದ. ಅದು ಯಾವಾಗಲೋ ಆರಿತ್ತು.

“ಎರಿ ಮಣ್ಣು,” ಎಂದ. “ಅದಕ್ಕ ಯಾರ್ ಚಾರ್ಜಶೀಟ್ ಕೊಡ್ತಾರ?”

೯

ನೀವು ಅಂತ್ಯ ಕೇಳುತ್ತೀರಿ. ನನ್ನ ಬಳಿ ಇರುವುದು ಇಷ್ಟು.

ಕ) ಬಸವಣ್ಣೆಪ್ಪ ಬಸಿ ಕೆಳಗಿಟ್ಟು ಎಲ್ಲ ಹೇಳಿಬಿಡುತ್ತಾನೆ. ಇಬ್ಬರೂ ಅಳುತ್ತಾರೆ. (ಇದನ್ನು ಬರೆದೆ. ಇಬ್ಬರೂ ಪುಟದಿಂದ ಎದ್ದು ಹೋದರು.)

ಚ) ಮಶಾಕಸಾಬನಿಗೆ ಮೊದಲಿನಿಂದಲೂ ಗೊತ್ತು, ಮೊದಲಿನಿಂದಲೂ ಕ್ಷಮಿಸಿದ್ದಾನೆ. (ಸುಲಭ. ಬೇರೊಬ್ಬನ ಕ್ಷಮೆಯನ್ನು ನಾನು ಹಂಚುವುದು ಯಾವ ಅಧಿಕಾರದಿಂದ?)

ಟ) ನಾನು ಧೈರ್ಯ ಮಾಡುತ್ತೇನೆ. (ಓದುಗರಲ್ಲಿ ನನ್ನ ಪರಿಚಯದವರು ಇಲ್ಲಿ ನಗಬಹುದು.)

೧೦

ಶನಿವಾರ ‘ಅತಿವೇಗ’ದ ಸಾಲಿನ ಕೆಳಗೆ ನಾನು ಸೇರಿಸಿ ಕೊಟ್ಟದ್ದು ಎರಡು ವಾಕ್ಯ: “ಗಾಡಿಯ ವೇಗ ಗಂಟೆಗೆ ಎಂಟು ಮೈಲಿ ಇತ್ತು. ಬೆಣೆಗಳು ಯಾಕೆ ಸಡಿಲಾದವೆಂಬುದು ಈ ಲೇಖಕನಿಗೆ ತಿಳಿಯದು.”

ಶಂಕ್ರಪ್ಪನವರು ಓದಿ ಕನ್ನಡಕ ತೆಗೆದರು. “ಸರಕಾರದ ವಿಚಾರಣಿ ತಪ್ಪು ಅಂತ ಬರೀತೀರಿ. ಈ ದಿನಮಾನದಾಗ.” ಎರಡೂ ವಾಕ್ಯ ಹೊಡೆದರು. ‘ಅತಿವೇಗ’ವನ್ನೂ ಹೊಡೆದರು. ಸಿಟ್ಟು ಬರಬಾರದಲ್ಲ. ೧೯೭೨ರ ಭರ್ಜರಿ ಹತ್ತಿಯ ನಂತರ ನೇರವಾಗಿ ೧೯೭೪ರ ಗೋದಿ.

ಪ್ರೆಸ್ಸಿನ ಅಬ್ದುಲ್‌ಸಾಬರಿಗೆ, ಅಲ್ಲಿ ನಾಲ್ಕು ಸಾಲು ಖಾಲಿ ಬಿಡಿ ಎಂದೆ.

“ಯಪ್ಪಾ, ಖಾಲಿ ಬಿಟ್ರ ಪೊಲೀಸರು ಬಂದು ಇಲ್ಲಿ ಏನ್ ಬರದಿಲ್ಲ ಅಂತ ಕೇಳ್ತಾರ್ರಿ. ಬರದದ್ದಕ್ಕ ಜಾಮೀನ ಸಿಗತದ, ಬರೀದಿದ್ದಕ್ಕ ಎಲ್ಲಿಂದ ತರೂದು?” ಎಂದು ಅವರು ಆ ಜಾಗದಲ್ಲಿ ಸೊಸೈಟಿಯ ಬೀಜದ ಜಾಹೀರಾತು ಕೂಡಿಸಿದರು.

೧೪

(ಸಂಖ್ಯೆ ತಪ್ಪಿಲ್ಲ.)

ಹಳಿ ಕೀಳುವ ಕೆಲಸ ದರ್ಗಾದ ಹತ್ತಿರ ಬಂದದ್ದು ಒಂದು ಗುರುವಾರ ಬೆಳಿಗ್ಗೆ. ಇನ್ನು ಮುಂದೆ ಯಾವ ಗಾಡಿಯೂ ಬರುವುದಿಲ್ಲ. ಆದರೂ ಗ್ಯಾಂಗಿನವರು ಸುತ್ತಿಗೆ ಕೆಳಗಿಟ್ಟು, ಓದಿಕೆ ಮುಗಿಯಲೆಂದು ಜಾಲಿಯ ನೆರಳಿನಲ್ಲಿ ಕುಳಿತರು. ಮಶಾಕಸಾಬ ಸೈಕಲ್ ತುಳಿದುಕೊಂಡು ಬಂದ. ಹಿಂದಿನ ಕ್ಯಾರಿಯರಿನಲ್ಲಿ ನನ್ನ ಪುಸ್ತಕವಿತ್ತು.

“ಓದಿದೆ ಸರ್,” ಎಂದ. “ಬೈದಾದ್ರೂ ಬರದಿರ್ತೀರಿ ಅನ್ಕೊಂಡಿದ್ದೆ. ನಾ ಇಲ್ಲs ಇಲ್ಲ ಇದ್ರಾಗ.”

ಉತ್ತರಕ್ಕೆ ನಿಲ್ಲದೆ ಹಳಿಯ ಮೇಲೆ ನಡೆದು ಹೋದ. ಅಲ್ಲಿ ಬಸವಣ್ಣೆಪ್ಪ ಚಪ್ಪಲಿ ಕಳಚಿ ನಿಂತಿದ್ದ.

“ಯಾವುದಲೇ? ಇದs ಏನು?”

“ಹೂಂ. ಇದs. ಹನ್ನೊಂದು.”

ಮಶಾಕಸಾಬ ಬೂಟಿನ ತುದಿಯಿಂದ ಒತ್ತಿದ. “ಗಟ್ಟಿ ಐತಿ.”

“ಈಗ ಗಟ್ಟಿ ಐತಿ,” ಎಂದ ಬಸವಣ್ಣೆಪ್ಪ.

ಓದುಗರೇ, ಪೆನ್ನು ನನ್ನ ಕೈಯಲ್ಲಿದೆ. ಓದಿಕೆಯನ್ನು ಇನ್ನೊಂದು ಗಳಿಗೆ ಎಳೆಯಬಲ್ಲೆ. ಬಸವಣ್ಣೆಪ್ಪ ಬರಿಗಾಲನ್ನು ಬೆಣೆಯ ಮೇಲಿಟ್ಟ. ಮಶಾಕಸಾಬ ಅವನ ಮುಖ ನೋಡುತ್ತಿರಲಿಲ್ಲ, ಹಿಮ್ಮಡ ನೋಡುತ್ತಿದ್ದ. ಯಾಕೆ ಎಂದು ನನ್ನನ್ನು ಕೇಳಬೇಡಿ. ನಾನು ಹೊರಗೆ ಕೂತಿದ್ದೇನೆ.

ದರ್ಗಾದ ಬಾಗಿಲಿಗೆ ಮುಜಾವರರು ಬಂದು ಓದಿಕೆ ಮುಗಿಯಿತೆಂದು ಕೈ ಎತ್ತಿದರು. ಸುತ್ತಿಗೆಗಳು ಎದ್ದವು. ಆ ಸದ್ದಿನಲ್ಲಿ ಯಾರು ಏನು ಅಂದರೂ ಕೇಳುವಂತಿರಲಿಲ್ಲ. ಹಾಗಾಗಿ ಇದು ಮುಗಿಯಿತೆಂದು ನಾನು ಹೇಳಲಾರೆ. ಅದಾದ ಮೇಲೂ ಗುರುವಾರಗಳಿದ್ದವು, ಸೈಕಲ್ ಅಂಗಡಿ ಇತ್ತು, ಬಸಿಯಲ್ಲಿ ಚಹಾ ಇತ್ತು.

‘ಅವತ್ತು ನನ್ನ ಕಾಲಿಗೆ ಏನೂ ತಿಳಿಯಲಿಲ್ಲ’ ಎಂದು ಬಸವಣ್ಣೆಪ್ಪ ಮಶಾಕಸಾಬನಿಗೆ ಎಂದೂ ಹೇಳಲಿಲ್ಲ.