ಹನಿ ನೀರೂ ಹೋಗದ ಪೆಟ್ಟಿಗೆ

ಕರೆಂಟು ಮಾವ ಮಾಡಿದ ಪೆಟ್ಟಿಗೆಯನ್ನು ಏಳು ಸಮುದ್ರದ ತಳದಲ್ಲಿ ನೂರು ವರ್ಷ ಮುಳುಗಿಸಿಟ್ಟು ತೆಗೆದರೂ, ಒಳಗೆ ಹಚ್ಚಿಟ್ಟ ಮೇಣದಬತ್ತಿ ಆರಿರುವುದಿಲ್ಲ. ತಿಮಿಂಗಿಲಗಳು ತಲೆ ಚಚ್ಚಿಕೊಂಡು ಸತ್ತಾವೇ ಹೊರತು ಪೆಟ್ಟಿಗೆ ಬಾಯಿ ಬಿಡುವುದಿಲ್ಲ. ಮಾವ ಹೇಳಿದ್ದರಲ್ಲಿ ಇದು ಅರ್ಧ. ಉಳಿದರ್ಧವನ್ನು ನೀವು ನಂಬಲಿಕ್ಕಿಲ್ಲ.

ದೀಪಗಳಿಗೆ ಕರೆಂಟು ಹಂಚುವ, ದುಂಡು ಮುಚ್ಚಳದ ಆ ಪೆಟ್ಟಿಗೆ ಇದ್ದದ್ದು ಉದ್ಯಾನದ ಬೆಳಕಿನ ಗೋಡೆಯ ಬೆನ್ನಿಗೆ. ಗೋಡೆ ಮಾವನ ಅಕ್ಕನ ಮಗಳ ಕೈಕೆಲಸ. ಅಂಗೈ ಇಟ್ಟ ಕಡೆಯಿಂದ ಬಣ್ಣಗಳು ಎದ್ದು ಓಡುತ್ತಿದ್ದವು. ಸಂಜೆ ಊರಿನ ಮಕ್ಕಳೆಲ್ಲ ಮುಟ್ಟಲು ಬರುವವರಿದ್ದರು. ಅಷ್ಟರೊಳಗೆ ತಪಾಸಣೆಯ ಮೇಡಂ ಪೆಟ್ಟಿಗೆಯನ್ನು ಒಪ್ಪದಿದ್ದರೆ ಹುಡುಗಿಯ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮೇಡಂ ಮೊದಲು ಕರೆಂಟು ತೆಗೆಸಿದರು. ಮಗುವಿನ ಬೆರಳಿನಂಥ ಕಡ್ಡಿಯನ್ನು ಸಂದಿಗಳಲ್ಲಿ ತೂರಿಸಿ ನೋಡಿದರು, ತೂರಲಿಲ್ಲ. ಅರ್ತ್ ತಂತಿಯನ್ನು ಜಗ್ಗಿದರು, ಜಗ್ಗಲಿಲ್ಲ. ಸ್ಪ್ಯಾನರ್ ಇಲ್ಲದೆ ಮುಚ್ಚಳ ತಿರುವಿದರು, ಕದಲಲಿಲ್ಲ. ಒಂದೊಂದಕ್ಕೂ ಮಾವನ ಮೀಸೆ ಒಂದೊಂದು ಗೇಣು ಬೆಳೆಯಿತು. ಕೊನೆಗೆ ಪೈಪು ಹಿಡಿದು ಸುತ್ತ ನೀರು ಹೊಡೆಸಿ, ಮುಚ್ಚಳ ತೆಗೆಯಿರಿ, ಒಳಗೆ ನೀರು ಹೋಗಿದೆಯೇ ನೋಡೋಣ ಎಂದರು.

ಮಾವನಿಗೆ ಸ್ಪ್ಯಾನರ್ ಯಾವ ಜೇಬಿನಲ್ಲಿದೆ ಎಂಬುದೇ ಮರೆತುಹೋಯಿತು. ತೆಗೆದರೆ ಒಳಗಿನ ಒಣಗಾಳಿ ಹೊರಬಿದ್ದು ಊರಿನ ಕೆರೆ ಬತ್ತುತ್ತದೆ ಎಂದ. ಮುಚ್ಚಳದ ಸುತ್ತ ಕೂರಿಸಿದ ರಬ್ಬರನ್ನು ರಾಕೆಟ್ ಮಾಡುವವರು ಕಾಲು ಹಿಡಿದು ಕೇಳಿದರೂ ಕೊಡಲಿಲ್ಲ ಎಂದ. ಮೇಡಂ ಕೈಕಟ್ಟಿ ನಿಂತರು.

ನೊಂದವಳು ಹುಡುಗಿ.

"ನಮ್ಮ ಮಾವ ಬಾಯಲ್ಲಿ ಬೆಟ್ಟ ಕಡಿತಾರೆ ಮೇಡಂ. ಆದ್ರೆ ಕೆಲಸದಲ್ಲಿ ಸುಳ್ಳಿಲ್ಲ. ಬೇಕಾದ್ರೆ ಸ್ವಿಚ್ ಹಾಕಿ, ನಾನೇ ಮುಟ್ಟಿ ತೋರಿಸ್ತೀನಿ."

ಅಂದವಳೇ ಒದ್ದೆ ಕೈಯನ್ನು ಸ್ವಿಚ್ಚಿನ ಕಡೆ ಚಾಚಿದಳು. ಮಾವ ಹಾರಿ ಅವಳ ಮಣಿಕಟ್ಟು ಹಿಡಿದ.

"ಬೇಡ ಕಣಮ್ಮ."

"ಯಾಕೆ ಮಾವ?"

ಮಾವ ಜೇಬಿನಿಂದ ಸ್ಪ್ಯಾನರ್ ತೆಗೆದ. ಮುಚ್ಚಳ ಬಿಚ್ಚಿದರೆ ಒಳಗೆ ಕಪ್ಪೆ ಸಂಸಾರ ಹೂಡುವಷ್ಟು ನೀರು. ಮೇಡಂ ರಬ್ಬರನ್ನು ಬಿಡಿಸಿ ಮೂಸಿ ನೋಡಿದರು.

"ಆಲೂಗಡ್ಡೆ ಬೇಯಿಸಿದ ವಾಸನೆ ಬರ್ತಿದೆಯಲ್ರೀ."

"ನಮ್ಮನೆ ಕುಕ್ಕರ್‌ದು," ಎಂದ ಮಾವ, ನೆಲ ನೋಡುತ್ತ. "ಸರಿಯಾದ್ದನ್ನೇ ತಂದಿದ್ದೆ. ಕತ್ತರಿಸುವಾಗ ನಾಲ್ಕು ಬೆರಳು ಗಿಡ್ಡ ಆಯ್ತು."

ಅಂಗಡಿ ಇನ್ನೂ ತೆರೆದಿದೆ, ಸರಿಯಾದ್ದು ಹಾಕಿ ಒಣಗಿಸಿದರೆ ಸಂಜೆಗೆ ಮುಂಚೆ ಇನ್ನೊಮ್ಮೆ ನೀರು ಹೊಡೆದು ನೋಡುತ್ತೇನೆ, ಎಂದರು ಮೇಡಂ. ಹುಡುಗಿ ಸಿಟ್ಟಿನಿಂದಲೇ ಅಳತೆಯ ಟೇಪನ್ನು ಮಾವನ ಕೈಗೆ ತುರುಕಿದಳು. ಅವನು ಅದನ್ನು ಹತ್ತಿರ ಹಿಡಿದ, ದೂರ ಹಿಡಿದ, ಮತ್ತೆ ಅವಳಿಗೇ ಕೊಟ್ಟ.

"ಅಳತೆ ನೀನೇ ತಗೋ ಕಣಮ್ಮ. ನಂಗೆ ಅಂಕಿ ಕಾಣಲ್ಲ. ಕನ್ನಡಕ ಹಾಕ್ಕೊಂಡ್ರೆ ಮುದುಕ ಅಂತೀರಲ್ಲ ಅಂತ ಸುಮ್ನಿದ್ದೆ."