ಅಡಿವೆಪ್ಪನ ಬೆರಳಿಗೆ ತಕ್ಕ ಕೋಲು

ಶವಪೆಟ್ಟಿಗೆಗೆ ಮುಚ್ಚಳ ಹಾಕುವವರು ಬರುವಷ್ಟರಲ್ಲಿ ರಜತ್ ಅಪ್ಪನ ಪಂಚೆ ಸರಿಸಿ, ಗಾಳದ ಕೋಲಾಗಬೇಕಿದ್ದ ಎರಡು ತುಂಡಿನ ಕಪ್ಪು ಕಡ್ಡಿಯನ್ನು ಕಾಲಿನ ಪಕ್ಕಕ್ಕೆ ತೂರಿಸುತ್ತಿದ್ದ.

"ಅಪ್ಪ ಸೆಲೆಕ್ಟ್ ಮಾಡಿದ್ದು ಇದೇ ತಾನೆ? ಶೂರ್?"

ತಂಗಿ ಸಮೀಕ್ಷಾ ತಲೆಯಾಡಿಸಿದಳು. ಅಪ್ಪ ಆರಿಸಿದ್ದು ಇದೇ, ಆದರೆ ತನಗೆಂದಲ್ಲ ಎಂಬ ಉಳಿದರ್ಧ ಮಾತು ಹೊರಗೆ ಬರಲಿಲ್ಲ. ಅಮ್ಮ ಗುಲಾಬಿಯವರು ಹೂ ಸುರಿದರು. ಕಪ್ಪು ಕೋಟಿನವರು ತಿರುಪು ಬಿಗಿದರು. ಟೂಟಿಂಗ್‌ನ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ದೋಸೆ ಹುಯ್ದ ದೇವದಾಸನನ್ನು ಹೊತ್ತ ಕಾರು ಕ್ರೋಯ್ಡನ್ ಕಡೆ ಹೊರಟಿತು.

ಚಿತಾಗಾರದಲ್ಲಿ ಮುಂಚಿನವರ ಸರದಿ ಮುಗಿದಿರಲಿಲ್ಲ.

"ನಿಮ್ಮ ಬಸ್ಸಿನ ಹಾಗೆ ಇಲ್ಲೂ ಲೇಟು, ಅಡಿವೆಪ್ಪನವರೇ," ಎಂದ ಹೋಟೆಲಿನ ಸುಧೀರ್.

"ನನ್ನ ಬಸ್ಸು ಯಾವಾಗ ಲೇಟ್ ಆಗಿತ್ತಪಾ? ನಿಮ್ಮ ದೇವದಾಸನ ಮಸಾಲೆ ದೋಸೆನ ಲೇಟ್," ಎಂದು ನಕ್ಕ ದೇವದಾಸನ ಗಾಳದ ಜೊತೆಗಾರ, ನಿವೃತ್ತ ಬಸ್ ಡ್ರೈವರ್ ಅಡಿವೆಪ್ಪ, ನಗು ಅರ್ಧಕ್ಕೇ ನಿಂತು ಕಣ್ಣೊರೆಸಿಕೊಂಡ. ಆಮೇಲೆ ಸಮೀಕ್ಷಾಳ ಹತ್ತಿರ ಬಂದ. "ತಂಗಿ, ಹ್ವಾದ ಐತವಾರ ನಿಮ್ಮಪ್ಪ ಫೋನ್ ಮಾಡಿದ್ದ. ನಿನ್ನ ಕೋಲು ಸಿಕ್ತು, ದಾರ ಹಾಯೂ ಉಂಗುರ ಕಟ್ಟೂದಷ್ಟ ಬಾಕಿ ಅಂದ. ಆ ಬೋಳು ಕಡ್ಡೀನ ಕೊಡವಾ. ಉಂಗುರ ನಾನ ಕಟ್ಕೋತೀನಿ."

ಅವಳು ತಿರುಪು ಬಿಗಿದ ಪೆಟ್ಟಿಗೆಯತ್ತ ನೋಡಿದಳು.

*

ಆ ಭಾನುವಾರ ದೇವದಾಸ ಅಡುಗೆಮನೆಯಲ್ಲಿ ಐಸ್ ತುಂಬಿದ ಪಾತ್ರೆಯೊಳಗೆ ಬಲಗೈ ಅದ್ದಿ ಕೂತಿದ್ದ. ಮೇಜಿನ ಮೇಲೆ ಎರಡು ಬ್ಲ್ಯಾಂಕುಗಳು, ಅಂದರೆ ಹಿಡಿ, ಉಂಗುರ, ದಾರದ ರಾಟೆ ಯಾವುದೂ ಇಲ್ಲದ ಬೋಳು ಕಾರ್ಬನ್ ಕಡ್ಡಿಗಳು.

"ನಿಮ್ಗ್ ಮರ್ಲಾ?" ಎಂದರು ಗುಲಾಬಿ, ಹುಚ್ಚನನ್ನು ನೋಡುವಂತೆ ನೋಡುತ್ತಾ.

"ಸಕ್ರೆ ಕಾಯ್ಲೆಯಿಂದ್ ಅಡಿವೆಪ್ಪನ ಬೆರಳ್ ಸತ್ತ್ ಹೋಯ್ತ್. ನನ್ನ ಬೆರಳೂ ಸಾಯ್ಲಿ, ಆಗ ಅವಂಗ್ ಯಾವ್ ಕೋಲ್ ಅಂದ್ ಗೊತ್ತಾತ್ತ್."

ಕಾಲುವೆಯ ಝಾಂಡರ್ ಮೀನು ಎರೆಯನ್ನು ಎಳೆಯುವುದಿಲ್ಲ, ಬರೀ ಮುಟ್ಟಿ ನೋಡುತ್ತದೆ. ಅಡಿವೆಪ್ಪನಿಗೆ ಎರಡು ವರ್ಷದಿಂದ ಆ ಮುಟ್ಟುವಿಕೆ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ಸುಮ್ಮನೆ ಕೂತು ದೇವದಾಸ ಮೀನು ಹಿಡಿಯುವುದನ್ನು ನೋಡುತ್ತಿದ್ದ.

ಕೈ ನೀಲಿಗಟ್ಟಿದ ಮೇಲೆ ದೇವದಾಸ ಕಣ್ಣು ಮುಚ್ಚಿ ಒಂದು ಕಡ್ಡಿಯ ಬುಡ ಹಿಡಿದ. ತುದಿಗೆ ಸಮೀಕ್ಷಾ ಕೊತ್ತಂಬರಿ ಕಡ್ಡಿ ಸೋಕಿಸಿದಳು.

"ಸೋಕಿಸ್ದ್ಯಾ? ಎಂತದೂ ಇಲ್ಲೆ. ಮತ್ತೊಂದ್ ಕೊಡ್ ಕಾಂಬ."

ಎರಡನೆಯದಕ್ಕೆ ಸೋಕಿಸಿದ ಕೂಡಲೇ ಅವನ ಹುಬ್ಬು ಮೇಲೇರಿತು. "ಬಂತ್ ಮಗಾ! ಇದೇ ಅವಂದ್."

ಮಂಗಳವಾರ ದೋಸೆ ಕಾವಲಿ ಮುಂದೆಯೇ ಅವನ ಹೃದಯ ನಿಂತುಹೋಯಿತು.

*

ಒಳಗೆ ಮಂತ್ರ ಮುಗಿದಿತ್ತು. ಪೆಟ್ಟಿಗೆಯನ್ನು ಒಲೆಗೆ ಕಳಿಸುವ ಗುಂಡಿ ಒತ್ತಲು ರಜತ್‌ನನ್ನು ಕರೆದರು. ಸಮೀಕ್ಷಾ ಓಡುನಡಿಗೆಯಲ್ಲಿ ಅವನ ಪಕ್ಕಕ್ಕೆ ಬಂದಳು.

"ಅಣ್ಣ, ಅದು ಅಡಿವೆಪ್ಪ ಮಾಮಂದು."

"ವಾಟ್? ಬೆಳಿಗ್ಗೆ ತಲೆ ಆಡಿಸಿದ್ಯಲ್ಲ!"

"ಅಪ್ಪ ಆರಿಸಿದ್ದು ಅದೇ. ಅವರಿಗೆ."

"ಮನೇಲಿ ಇನ್ನೊಂದಿದೆ, ಅದನ್ನ ಕೊಡು. ಅವ್ರಿಗೆ ಡಿಫರೆನ್ಸೇ ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂತಾನೇ ಅಪ್ಪ ಅದನ್ನ ಆರಿಸಿದ್ದು."

"ಎಲ್ಲರೂ ನೋಡ್ತಿದಾರೆ, ಸಮೀ. ಪ್ಲೀಸ್." ಅವನ ಧ್ವನಿ ಒಡೆಯಿತು. "ಬರಿಗೈಯಲ್ಲಿ ಕಳಿಸ್ಲಾ ಅಪ್ಪನ್ನ?"

ಅವನ ಬೆರಳು ಗುಂಡಿಯ ಮೇಲೆ ಹೋಯಿತು.

"ನಿಲ್ಸು!"

ತರಗತಿಯಲ್ಲಿ ಹಾಜರಿ ಹೇಳಲೂ ನಡುಗುತ್ತಿದ್ದವಳ ಕೂಗಿಗೆ ನಲವತ್ತು ತಲೆಗಳು ತಿರುಗಿದವು. ಒಳಗೆ ಕಾರ್ಬನ್ ಕೋಲಿದೆ ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಾಗ ಚಿತಾಗಾರದವನ ಮುಖ ಬಿಗಿಯಿತು. ಅದನ್ನು ಒಲೆಗೆ ಬಿಡುವಂತೆಯೇ ಇಲ್ಲವಂತೆ. ತಿರುಪುಗಳು ಒಂದೊಂದಾಗಿ ಸಡಿಲಾದವು. ರಜತ್ ಗೋಡೆಯತ್ತ ತಿರುಗಿ ನಿಂತ. ಗುಲಾಬಿ ತಾವೇ ಕೈ ಹಾಕಿ, ಹೂವಿನಡಿಯಿಂದ ಎರಡು ತುಂಡುಗಳನ್ನು ತೆಗೆದು, ಗಂಡನ ಪಂಚೆ ಸರಿಮಾಡಿದರು.

"ಎಂಥಾ ಕೆಲಸ ಮಾಡಿದಿ ತಂಗಿ," ಅಡಿವೆಪ್ಪ ಹಿಂದೆ ಹಿಂದೆ ಸರಿದ. "ಅವನ ಜೋಡಿ ಹೋಗಲಿ ಬಿಡವಾ. ಸತ್ತ ಬೆರಳಿಗೆ ಯಾವ ಕೋಲಾದ್ರೇನು?"

ಸಮೀಕ್ಷಾ ಅಮ್ಮನ ಕೈಯಿಂದ ಕೋಲು ತೆಗೆದುಕೊಂಡಳು. ತುಂಡುಗಳನ್ನು ಕೂಡಿಸಿ ಬುಡವನ್ನು ಅವನ ಕೈಗಿಟ್ಟಳು. ತುದಿಯನ್ನು ತನ್ನ ಗಂಟಲಿಗೆ ಒತ್ತಿಕೊಂಡು ಬಾಯಿ ತೆರೆದಳು. ಏನೋ ಹೇಳಬೇಕೆಂದಿದ್ದಳು. ಮಾತಿನ ಬದಲು ನಾಲ್ಕು ದಿನದಿಂದ ನುಂಗಿದ್ದ ಅಳು ಒಳಗೊಳಗೇ ಹೊರಳಿ ಗಂಟಲಲ್ಲಿ ಕಂಪಿಸಿತು. ಪಕ್ಕದಲ್ಲಿದ್ದ ಅಮ್ಮನಿಗೂ ಅದು ಕೇಳಿಸಲಿಲ್ಲ.

ಕೋಲಿನ ಬುಡದಲ್ಲಿ, ಮೀನು ಮುಟ್ಟಿದಾಗಿನಂತೆ, ಅಡಿವೆಪ್ಪನ ದಪ್ಪ ಬೆರಳುಗಳು ಒಂದೊಂದಾಗಿ ಮಡಚಿ, ಕೋಲನ್ನು ಬಿಗಿಯಾಗಿ ಹಿಡಿದುಕೊಂಡವು.