ವಾರಗಿತ್ತಿಯರ ನಡುವಿನ ಬಾಗಿಲು

ಅಗ್ನಿ ಸುರಕ್ಷತೆಯ ಅಧಿಕಾರಿ ಮಹಡಿಯ ನಡುಗೋಡೆಗೆ ಬೆರಳ ಗೆಣ್ಣಿನಿಂದ ಟಕ್ ಟಕ್ಕೆಂದು ಬಡಿದು, "ಇಲ್ಲೊಂದು ಬಾಗಿಲಾಗಬೇಕು" ಎಂದಾಗ, ಹಿರಿಸೊಸೆಯ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳೆಲ್ಲ ಬಳಬಳನೆ ಉದುರಿದವು.

"ಬಾಗಿಲಾ? ಎಲ್ಲಿಗೆ?"

"ಪಕ್ಕದ ಕನ್ನಡಕದ ಅಂಗಡಿಗೆ."

"ಅದು ನನ್ನ ವಾರಗಿತ್ತಿಯ ಅಂಗಡಿ ಸ್ವಾಮಿ."

"ಹಾಗಾದ್ರೆ ಒಳ್ಳೇದೇ ಆಯ್ತು. ಮನೆಯವರೇ ಅಲ್ವಾ."

ಅಧಿಕಾರಿ ಹೊಸಬರು. ಪಾಪ, ಅವರಿಗೇನು ಗೊತ್ತು!

ಕಟ್ಟಡ ಮಾವನವರು ಕಟ್ಟಿಸಿದ್ದು. ಅವರಿದ್ದಾಗ ಮಹಡಿಯೆಲ್ಲ ಒಂದೇ ಹಜಾರ; ಈ ತುದಿಗೊಂದು ಮೆಟ್ಟಿಲು, ಆ ತುದಿಗೊಂದು ಮೆಟ್ಟಿಲು. ಅವರು ಹೋದ ಮೇಲೆ ಅಣ್ಣನಿಗೆ ಟೈಲರ್ ಅಂಗಡಿ, ತಮ್ಮನಿಗೆ ಕನ್ನಡಕದ ಅಂಗಡಿ ಎಂದು ಪಾಲಾಯಿತು. ಆದರೂ ಗೋಡೆ ಎದ್ದಿರಲಿಲ್ಲ. ಗೋಡೆ ಎದ್ದದ್ದು ಒಂದು ಕೋಟಿನ ದೆಸೆಯಿಂದ. ಹಿರಿಸೊಸೆ ಕೈಯಾರೆ ಹೊಲಿದುಕೊಟ್ಟ ಕೋಟು ನೋಡಿ ಕಿರಿಸೊಸೆ, "ಅಕ್ಕಾ, ನಮ್ಮಣ್ಣನ ಕೋಟಿನ ಒಂದು ತೋಳು ಉದ್ದವಾಗಿದೆ" ಅಂದಳು, ಅದೂ ಗಿರಾಕಿಗಳ ಎದುರಿಗೇ. ಹಿರಿಸೊಸೆ ಟೇಪನ್ನು ಕೊರಳಿಗೆ ಹಾಕಿಕೊಂಡು, "ಕೋಟು ಸರಿಯಾಗೇ ಇದೆ ಕಣೇ, ನಿಮ್ಮಣ್ಣನ ಕೈಯೇ ಗಿಡ್ಡ" ಅಂದಳು. ಮಾತಿಗೆ ಮಾತು ಬೆಳೆಯಿತು. ಮಾತು ನಿಂತಲ್ಲಿ ಇಟ್ಟಿಗೆ ಬಂದಿಳಿಯಿತು. ಅಂದೇ ಹಿರಿಸೊಸೆ ಎಲ್ಲರಿಗೂ ಕೇಳುವಂತೆ ಶಪಥ ಮಾಡಿದ್ದಳು: "ನನ್ನ ಕಾಲು ಅವಳ ಹೊಸ್ತಿಲು ತುಳಿದರೆ ನನ್ನನ್ನ ಹೆಸರು ಹಿಡಿದು ಕರೀಬೇಡಿ."

"ನೋಡಿ ಅಮ್ಮಾ" ಎಂದು ಅಧಿಕಾರಿ ತಾಳ್ಮೆಯಿಂದ ಹೇಳಿದರು. "ಮೇಲೆ ಇಷ್ಟು ಜನ ಹೊಲೀತಾ ಕೂತಿದ್ದಾರೆ, ಸುತ್ತ ಬರೀ ಬಟ್ಟೆ. ಇಳಿಯೋಕೆ ಇರೋದು ಒಂದೇ ಮೆಟ್ಟಿಲು. ಅದರಲ್ಲಿ ಹೊಗೆ ತುಂಬಿದರೆ ಎಲ್ಲಿ ಹೋಗ್ತೀರಿ?"

"ಕಿಟಕಿ ಇದೆಯಲ್ಲ."

"ಹಾರ್ತೀರಾ?"

"ಅವಳ ಅಂಗಡಿಗೆ ಹೋಗೋದಕ್ಕಿಂತ ಹಾರೋದೇ ವಾಸಿ."

ಅಧಿಕಾರಿ ಕಿಟಕಿಯಿಂದ ಬಗ್ಗಿ ಕೆಳಗಿದ್ದ ಚರಂಡಿಯನ್ನು ನೋಡಿದರು. ತಿರುಗಿ ಹಿರಿಸೊಸೆಯ ಗಂಡನನ್ನು ನೋಡಿದರು. ಕತ್ತರಿ ಹಿಡಿದು ನಿಂತಿದ್ದ ಗಂಡ ನೆಲ ನೋಡಿದ. "ಬಾಗಿಲಿಲ್ಲದಿದ್ರೆ ಸರ್ಟಿಫಿಕೇಟ್ ಇಲ್ಲ. ಸರ್ಟಿಫಿಕೇಟ್ ಇಲ್ಲದಿದ್ರೆ ಎರಡೂ ಅಂಗಡಿಗೆ ಬೀಗ" ಎಂದು ಅವರು ಮೆಟ್ಟಿಲಿಳಿದರು.

ಹೊಲಿಗೆ ಬಿಟ್ಟರೆ ಹಿರಿಸೊಸೆಗೆ ಬೇರೆ ಪ್ರಪಂಚವಿರಲಿಲ್ಲ. ಅಂಗಡಿ ಉಳಿಯಬೇಕು, ಮಾತೂ ಉಳಿಯಬೇಕು. ಯೋಚಿಸಿ ಯೋಚಿಸಿ ಅವಳು ಒಂದು ದಾರಿ ಕಂಡುಕೊಂಡಳು. "ಬಾಗಿಲು ಬೇಕಾದ್ರೆ ಇಟ್ಟುಕೊಳ್ಳಲಿ. ಆದರೆ ಅದು ನಮ್ಮ ಕಡೆಗೇ ತೆರೀಬೇಕು. ಓಡಿ ಬರೋಳು ಅವಳಾಗಲಿ." ಗಂಡ ಈ ಸಂದೇಶ ಹೊತ್ತುಕೊಂಡು ರಸ್ತೆಯ ಮೂಲೆಗೆ ಹೋದ. ಅಲ್ಲಿ ತಮ್ಮ ಆಗಲೇ ನಿಂತಿದ್ದ, ತನ್ನ ಹೆಂಡತಿಯ ಸಂದೇಶ ಹೊತ್ತುಕೊಂಡು. ಎರಡೂ ಸಂದೇಶ ಅಕ್ಷರಕ್ಕೆ ಅಕ್ಷರ ಒಂದೇ ಆಗಿತ್ತು. ಅಣ್ಣತಮ್ಮ ಇಬ್ಬರೂ ನಿಂತಲ್ಲೇ ಹೊಟ್ಟೆ ಹಿಡಿದು ನಕ್ಕು, ಆಮೇಲೆ ಮುಖ ಗಂಟಿಕ್ಕಿಕೊಂಡು ಮನೆಗೆ ಬಂದರು.

ಕೊನೆಗೆ ದಾರಿ ತೋರಿಸಿದವರೂ ಅಧಿಕಾರಿಯೇ. "ಪಾರಾಗೋ ಬಾಗಿಲು ಯಾವತ್ತೂ ಓಡೋ ದಿಕ್ಕಿಗೇ ತೆರೀಬೇಕು. ಹಿಂದಿನಿಂದ ಜನ ನೂಕ್ತಾ ಇದ್ದಾಗ ಎಳೆಯೋಕೆ ಆಗೋದಿಲ್ಲ. ಅದಕ್ಕೇ ಎರಡು ರೆಕ್ಕೆಯ ಬಾಗಿಲು. ಒಂದು ರೆಕ್ಕೆ ಈ ಕಡೆಯಿಂದ ತಳ್ಳೋಕೆ, ಒಂದು ಆ ಕಡೆಯಿಂದ ತಳ್ಳೋಕೆ. ಬೀಗ ಹಾಕೋ ಹಾಗಿಲ್ಲ."

ಹಿರಿಸೊಸೆಗೆ ತಕ್ಷಣ ಅರ್ಥವಾಯಿತು. ಯಾರೂ ಯಾರನ್ನೂ ಕರೆಯುವ ಬಾಗಿಲಲ್ಲ ಇದು. ಮೊದಲು ತಳ್ಳಿದವಳೇ ಸೋತವಳು.

ಗೋಡೆ ಒಡೆದರು, ಚೌಕಟ್ಟು ನಿಲ್ಲಿಸಿದರು, ಭಾರದ ಬಾಗಿಲು ಕೂರಿಸಿದರು. ಪ್ರತಿ ರೆಕ್ಕೆಗೂ ಸೊಂಟದ ಎತ್ತರಕ್ಕೆ ತಳ್ಳಲು ಒಂದು ಅಡ್ಡಕಂಬಿ, ಕಣ್ಣಿನ ಎತ್ತರಕ್ಕೆ ಒಂದು ಗಾಜಿನ ಚೌಕ. ಹಿರಿಸೊಸೆ ಗಾಜಿಗೆ ಪರದೆ ಬಿಟ್ಟಳು, ಅಧಿಕಾರಿ ತೆಗೆಸಿದರು. ಕ್ಯಾಲೆಂಡರ್ ತೂಗುಹಾಕಿದಳು, ಅದನ್ನೂ ತೆಗೆಸಿದರು. ಅಂದಿನಿಂದ ಹೊಲಿಗೆ ಯಂತ್ರದಿಂದ ತಲೆಯೆತ್ತಿದರೆ ಗಾಜಿನಾಚೆ ಕಿರಿಸೊಸೆಯ ಮುಖ. ಅವಳೂ ಆಗಲೇ ತಲೆಯೆತ್ತಿರುತ್ತಿದ್ದಳು. ಇಬ್ಬರೂ ಮೂಗು ಮುರಿದು ತಲೆ ತಗ್ಗಿಸುತ್ತಿದ್ದರು.

ಬೆಂಕಿಯಿಂದ ಪಾರಾಗುವ ಅಭ್ಯಾಸದ ದಿನ ಬಂತು. ಅಧಿಕಾರಿ ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು, ಹೊಲಿಗೆ ಮಹಡಿಯ ಮೆಟ್ಟಿಲಿಗೆ ಕೆಂಪು ಪಟ್ಟಿ ಕಟ್ಟಿದರು. "ಇಲ್ಲಿ ಬೆಂಕಿ ಬಿದ್ದಿದೆ ಅಂತ ತಿಳ್ಕೊಳ್ಳಿ. ಗಂಟೆ ಹೊಡೆದ ಕೂಡಲೇ ಎಲ್ಲರೂ ಬಾಗಿಲು ತಳ್ಳಿ ಆ ಕಡೆ ಮೆಟ್ಟಿಲಿಂದ ಇಳೀಬೇಕು. ಅಮ್ಮಾ, ಮುಂದೆ ನೀವಿರಬೇಕು."

"ಬೆಂಕಿ ಅವರ ಮೆಟ್ಟಿಲಿಗೆ ಹಾಕಿ ಸ್ವಾಮಿ."

"ಅಮ್ಮಾ, ಇದು ಸುಮ್ಮನೆ ಅಂದುಕೊಳ್ಳೋ ಬೆಂಕಿ."

"ಅಂದುಕೊಳ್ಳೋದೇ ಆದರೆ ಅವರ ಕಡೆಗೇ ಅಂದುಕೊಳ್ಳೋಣ."

ಗಂಟೆ ಹೊಡೆಯಿತು. ಕಿವಿ ಕಿತ್ತುಹೋಗುವ ಸದ್ದು. ಹೊಲಿಯುವವರು ಯಂತ್ರ ಬಿಟ್ಟೆದ್ದರು, ಗುಂಡಿ ಹಾಕುವವಳು ಗುಂಡಿ ಚೆಲ್ಲಿ ಎದ್ದಳು, ಇಸ್ತ್ರಿಯವನು ಇಸ್ತ್ರಿ ಪೆಟ್ಟಿಗೆಯನ್ನು ಇದ್ದಲ್ಲೇ ಬಿಟ್ಟು ಓಡಿಬಂದ. ಕೋಟಿನ ಅಳತೆ ನೋಡಿಸಿಕೊಳ್ಳುತ್ತಿದ್ದ ಗಿರಾಕಿಯೊಬ್ಬ ಒಂದೇ ತೋಳಿನ ಕೋಟಿನಲ್ಲಿ, ಮೈತುಂಬ ಗುಂಡುಸೂಜಿ ಚುಚ್ಚಿಕೊಂಡು, ರೆಕ್ಕೆ ಒದ್ದೆಯಾದ ಕೋಳಿಯಂತೆ ಕೈ ಅಗಲಿಸಿ ಸಾಲಿನಲ್ಲಿ ನಿಂತ. "ಯಾರೂ ತಳ್ಳಬೇಡಿ ಸ್ವಾಮಿ, ಚುಚ್ತದೆ!"

ಎಲ್ಲರ ಮುಂದೆ ಹಿರಿಸೊಸೆ. ಅವಳ ಮುಂದೆ ಕಂಬಿ. ಗಾಜಿನಾಚೆ ಕಿರಿಸೊಸೆ ಕೈಕಟ್ಟಿ ನಿಂತು, ಬಾ ತಾಯಿ ಬಾ ಎನ್ನುವಂತೆ ಹುಬ್ಬು ಹಾರಿಸಿದಳು.

ಹಿರಿಸೊಸೆಯ ಕೈ ಕಂಬಿಯವರೆಗೆ ಹೋಗಿ ಹಿಂದಕ್ಕೆ ಬಂತು.

"ತಳ್ಳಿ ಅಮ್ಮಾ!" ಎಂದು ಅಧಿಕಾರಿ ಕೂಗಿದರು.

"ತಳ್ಳೇ, ಅಂಗಡಿ ಹೋಗ್ತದೆ!" ಎಂದು ಗಂಡ ಗೋಗರೆದ.

"ತಳ್ತೀನಿ ರೀ, ಉಸಿರು ತಗೊಳ್ಳೋಕೆ ಬಿಡಿ."

ಅಷ್ಟರಲ್ಲಿ ಹಿಂದಿನಿಂದ ಸುಟ್ಟ ವಾಸನೆ ಬಂತು. ತೆಳ್ಳಗೆ ಹೊಗೆಯೂ ಬಂತು. ಅಧಿಕಾರಿ ಮೆಚ್ಚಿ ತಲೆದೂಗಿದರು. "ಭೇಷ್! ಹೊಗೆಯ ವ್ಯವಸ್ಥೆ ಕೂಡ ಮಾಡಿಸಿದ್ದೀರಾ?"

"ನಾವೇನೂ ಮಾಡಿಸಿಲ್ಲವಲ್ಲ" ಎಂದ ಗಂಡ.

ಹೊಗೆ ಕಂಡರೆ ಕೂಗುವ ಚಾವಣಿಯ ಯಂತ್ರ ತನ್ನ ಕೆಲಸ ತಾನು ಮಾಡಿ ಕೂಗುತ್ತಲೇ ಇತ್ತು. ಆದರೆ ಆಗಲೇ ಹೊಡೆಯುತ್ತಿದ್ದ ಗಂಟೆಯ ನಡುವೆ ಅದರ ಕೂಗನ್ನು ಕೇಳುವವರು ಯಾರು? ಸಾಲಿನಲ್ಲಿದ್ದವರೆಲ್ಲ ಬಾಗಿಲ ಕಡೆ ಮುಖ ಮಾಡಿದ್ದರು. ಎದುರು ನಿಂತು ನೋಡುತ್ತಿದ್ದವಳು ಒಬ್ಬಳೇ. ಕಿರಿಸೊಸೆಯ ಹಾರಿದ ಹುಬ್ಬು ಇಳಿಯಿತು, ಕಟ್ಟಿದ ಕೈ ಬಿಚ್ಚಿತು. ಗೋಡೆಯಲ್ಲಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಕಿತ್ತುಕೊಂಡು, ತನ್ನ ಕಡೆಯ ರೆಕ್ಕೆಯನ್ನು ಧಡಾರನೆ ತಳ್ಳಿ ಒಳಗೆ ನುಗ್ಗಿದಳು. "ಸರೀರಿ, ಸರೀರಿ! ಅಕ್ಕಾ, ಇಸ್ತ್ರಿ ಪೆಟ್ಟಿಗೆ!"

ಅವಳ ತೋಳು ಹಿಡಿದು, ಕಣ್ಣು ಪರೀಕ್ಷೆಗೆ ಬಂದಿದ್ದ ಒಬ್ಬ ತಾತನೂ ಬಂದರು. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಅವರಿಗೆ ಲೋಕವೆಲ್ಲ ಮಂಜು. ಗಂಟೆ ಹೊಡೆದಾಗಲೇ ಅವರು ಕೈಗೆ ಸಿಕ್ಕಿದ ತೋಳನ್ನು ಭದ್ರವಾಗಿ ಹಿಡಿದಿದ್ದರು, ಬಿಡುವವರಲ್ಲ.

"ಹೊರಗೆ ಬಂದ್ವೇನಮ್ಮಾ?"

"ಇಲ್ಲ ತಾತಾ, ಒಳಗೆ ಬಂದ್ವಿ."

ಇಸ್ತ್ರಿ ಮೇಜಿನ ಮೇಲೆ ಒಂದು ಪ್ಯಾಂಟಿನ ಹಿಂಭಾಗಕ್ಕೆ ಪೆಟ್ಟಿಗೆಯಾಕಾರದ ಕಿಟಕಿ ಬಿದ್ದು, ಅಂಚಿನಲ್ಲಿ ಉರಿ ಹತ್ತಿತ್ತು. ಕಿರಿಸೊಸೆ ಪ್ಲಗ್ ಕಿತ್ತಳು, ಪೆಟ್ಟಿಗೆ ಎತ್ತಿ ನಿಲ್ಲಿಸಿದಳು, "ಅಯ್ಯಮ್ಮಾ" ಎಂದು ಕೈ ಒದರಿದಳು, ಸಿಲಿಂಡರಿನ ಪಿನ್ನು ಎಳೆದು ಒತ್ತಿದಳು. ಬುಸ್ಸೆಂದು ಬಿಳಿ ಪುಡಿ ಎದ್ದು ಮೇಜು, ಪ್ಯಾಂಟು, ತಾತ, ಒಂದು ತೋಳಿನ ಕೋಟು, ಅಧಿಕಾರಿಯ ಟೋಪಿ, ಎಲ್ಲದರ ಮೇಲೂ ಸಮನಾಗಿ ಇಳಿಯಿತು.

ಗಂಟೆ ನಿಂತಿತು. ತಾತ ಸೀನಿದರು.

ಅಧಿಕಾರಿ ಟೋಪಿ ಕೊಡವಿಕೊಂಡು ಹೇಳಿದರು. "ಇಬ್ಬರೂ ಫೇಲು. ಬೆಂಕಿ ಬಿದ್ದಾಗ ಒಬ್ಬರು ಕದಲಲೇ ಇಲ್ಲ. ಇನ್ನೊಬ್ಬರು ಮುದುಕರನ್ನ ಕಟ್ಟಿಕೊಂಡು ಬೆಂಕಿಯೊಳಕ್ಕೇ ಓಡಿ ಬಂದ್ರು. ನಾಳೆ ಮತ್ತೆ ಅಭ್ಯಾಸ. ನಾಳೆಯೂ ಆಗದಿದ್ರೆ ಬೀಗ." ಆಮೇಲೆ, "ನಾನೂ ಅದನ್ನ ವ್ಯವಸ್ಥೆ ಅಂದುಕೊಂಡೆನಲ್ಲ" ಎಂದು ತಮ್ಮಷ್ಟಕ್ಕೆ ಗೊಣಗಿದರು.

ಕಿರಿಸೊಸೆ ಯಾರ ಮುಖವನ್ನೂ ನೋಡದೆ, ತಾತನನ್ನು ಕರೆದುಕೊಂಡು ಹೊರಟುಹೋದಳು.

"ಮೊದಲು ತಳ್ಳಿದವಳು ಅವಳೇ. ಗೆದ್ದೆಯಲ್ಲೇ!" ಎಂದ ಗಂಡ, ಹೆಂಡತಿಗೆ ಸಂತೋಷವಾಗಲಿ ಎಂದು.

ಹಿರಿಸೊಸೆ ಸುಟ್ಟ ಪ್ಯಾಂಟನ್ನು ಎತ್ತಿ, ಅದರ ಕಿಟಕಿಯಲ್ಲಿ ಕೈ ತೂರಿಸಿ ನೋಡಿದಳು. ಗೆದ್ದವಳ ಊಟ ಅವತ್ತು ತಟ್ಟೆಯಲ್ಲೇ ಉಳಿಯಿತು.

ಮರುದಿನ ಮತ್ತೆ ಕೆಂಪು ಪಟ್ಟಿ, ಮತ್ತೆ ಸಾಲು. ಅಧಿಕಾರಿ ಈ ಸಲ ಮೊದಲು ಇಸ್ತ್ರಿ ಪೆಟ್ಟಿಗೆಯನ್ನು ತಾವೇ ಮುಟ್ಟಿ ನೋಡಿ, ತಣ್ಣಗಿದೆಯೆಂದು ಖಾತ್ರಿ ಮಾಡಿಕೊಂಡು ಬೀದಿಗೆ ಇಳಿದಿದ್ದರು. ಹಿರಿಸೊಸೆ ಗಾಜಿನಲ್ಲಿ ನೋಡಿದಳು. ಕಿರಿಸೊಸೆ ಇಂದು ಹುಬ್ಬು ಹಾರಿಸಲಿಲ್ಲ. ಬಲಗೈಯನ್ನು ಸೆರಗಿನ ಮರೆಗೆ ಸರಿಸಿಕೊಂಡಳು. ಸರಿಸುವಾಗ ಬೆರಳುಗಳಿಗೆ ಸುತ್ತಿದ್ದ ಬಿಳಿ ಬಟ್ಟೆ ಕಂಡಿತು.

ಗಂಟೆ ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಹಿರಿಸೊಸೆ ಎರಡೂ ಕೈಯಿಂದ ಕಂಬಿ ತಳ್ಳಿದಳು. ಭಾರದ ರೆಕ್ಕೆ ಹಗುರಾಗಿ ಸರಿಯಿತು.

"ಏನೇ ಅದು ಕೈಗೆ?"

"ಏನಿಲ್ಲ ಅಕ್ಕಾ."

"ಏನಿಲ್ಲ ಅಂದ್ರೆ? ತೋರಿಸು. ಇದೇನು ಹೀಗೆ ಕಟ್ಟಿದ್ದೀಯ, ಮೂಟೆ ಕಟ್ಟಿದ ಹಾಗೆ!"

"ಬಲಗೈಗೆ ಎಡಗೈಲಿ ಕಟ್ಟಿಕೊಂಡು ನೋಡು, ಗೊತ್ತಾಗ್ತದೆ."

"ನಿನ್ನ ಗಂಡನಿಗೆ ಕೈಯಿಲ್ವೇ?"

"ಕನ್ನಡಕ ಒರೆಸೋಕೆ ಮಾತ್ರ ಇದೆ."

ಹೊಲಿಯುವವರು ಇಬ್ಬರನ್ನೂ ಬಳಸಿಕೊಂಡು ಆ ಕಡೆಯ ಮೆಟ್ಟಿಲಿಳಿದರು. ಗುಂಡಿ ಹಾಕುವವಳು ಇಳಿದಳು, ಗಂಡ ಇಳಿದ. ಬೀದಿಯಲ್ಲಿ ಅಧಿಕಾರಿ ತಲೆ ಎಣಿಸಿದರು, ಮತ್ತೆ ಎಣಿಸಿದರು. ಇಬ್ಬರು ಕಡಿಮೆ. ಮಹಡಿಯ ಕಿಟಕಿಯಿಂದ ಹಿರಿಸೊಸೆಯ ಧ್ವನಿ ತೇಲಿಬರುತ್ತಿತ್ತು: "ಮೆಟ್ಟಿಲ ಮೇಲೆಲ್ಲ ಡಬ್ಬಿ ಜೋಡಿಸಿಟ್ಟಿದ್ದೀಯಲ್ಲೇ, ಜನ ಇಳಿಯೋದು ಹೇಗೆ? ಸ್ವಲ್ಪಾನಾದರೂ ಜವಾಬ್ದಾರಿ ಬೇಡ್ವಾ?"

ಅಧಿಕಾರಿ ದಬದಬನೆ ಹತ್ತಿ ಬಂದರು. ವಾರಗಿತ್ತಿಯರು ಬಾಗಿಲ ನಡುವೆಯೇ ನಿಂತಿದ್ದರು. ಒಬ್ಬಳ ಕೈ ಇನ್ನೊಬ್ಬಳ ಕೈಯಲ್ಲಿ; ಬಟ್ಟೆ ಬಿಚ್ಚಿ ಮತ್ತೆ ಸುತ್ತುವ ಕೆಲಸ ನಡೆದಿತ್ತು. ಬಾಗಿಲು ಮುಚ್ಚದಂತೆ ಹಿರಿಸೊಸೆ ಸೊಂಟ ಕೊಟ್ಟು ತಡೆದಿದ್ದಳು.

"ಅಮ್ಮಾ, ಬೆಂಕಿ ಬಿದ್ದಿದೆ!"

"ಗೊತ್ತು ಸ್ವಾಮಿ, ಒಂದು ಗಂಟು ಹಾಕಿಬಿಡ್ತೀನಿ."

"ಆ ಬಾಗಿಲು ಹೀಗೆ ತೆರೆದಿಟ್ಟರೆ ಹೊಗೆಯೆಲ್ಲ ಆ ಕಡೆ ನುಗ್ತದೆ! ಜನ ದಾಟಿದ ಮೇಲೆ ಅದು ಮುಚ್ಚಿರಬೇಕು. ಯಾವಾಗಲೂ ಮುಚ್ಚಿರಬೇಕು!"

"ತೆರೆಯೋಲ್ಲ ಅಂದ್ರೂ ಬೈತೀರಿ, ತೆರೆದ್ರೂ ಬೈತೀರಿ" ಎಂದಳು ಕಿರಿಸೊಸೆ.

ಅಧಿಕಾರಿ ಇಬ್ಬರನ್ನೂ ಮುಂದೆ ಹಾಕಿಕೊಂಡು ಬೀದಿಗೆ ಇಳಿಸಿ, ತಲೆ ಸರಿಯಿದೆಯೆಂದು ಎಣಿಸಿ, ನಿಟ್ಟುಸಿರಿಟ್ಟು ಸಹಿ ಹಾಕಿದರು. ಡಬ್ಬಿಗಳನ್ನು ತೆಗೆಸಿದರು. ಎಲ್ಲರೂ ಮೇಲೆ ಹತ್ತಿ ಅವರವರ ಜಾಗದಲ್ಲಿ ಕೂತ ಮೇಲೆ, ಬಾಗಿಲನ್ನು ತಮ್ಮ ಕೈಯಾರೆ ಮುಚ್ಚಿ, "ಇನ್ನು ಬೆಂಕಿ ಬಿದ್ದರೆ ಮಾತ್ರ" ಎಂದು ಬೆರಳೆತ್ತಿ ಹೇಳಿ ಹೊರಟರು.

ಹಿರಿಸೊಸೆ ಯಂತ್ರದ ಮುಂದೆ ಕೂತು ದಾರ ಪೋಣಿಸಿದಳು. ಬೂಟಿನ ಸದ್ದು ಕೆಳಗಿನ ಮೆಟ್ಟಿಲು ಮುಟ್ಟುವವರೆಗೂ ತಲೆಯೆತ್ತಲಿಲ್ಲ. ಆಮೇಲೆ ಎದ್ದು ಹೋಗಿ ಕಂಬಿ ತಳ್ಳಿ, ಆಚೆಗೆ ಕತ್ತು ಚಾಚಿದಳು.

"ಅಲ್ಲ ಕಣೇ, ಇನ್ನೊಂದು ಮಾತು ಹೇಳೋದು ಮರೆತೆ."